ಪ್ರೋಗ್ರಾಮಿನ ‘ವೇರಿಯಬಲ್’ಗೂ ‘ಚರಾಕ್ಷರ’ ಅಂತಲೇ ಬರೆಯಬೇಕಾ?

ಗೆಳೆಯರೇ,

ಬೆಂಗಳೂರಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿಯ ಕನ್ನಡ ಮಾಧ್ಯಮದ ಮಕ್ಕಳಿಗೆ ಶನಿವಾರ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಹೇಳಿಕೊಡುತ್ತೇನೆ. ಅವರಿಗಾಗಿ ಚಿಕ್ಕ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಮೊದಲ ಪಾಠದಲ್ಲೇ ಒಂದು ಪದ ಕಾಡುತ್ತಿದೆ. ಪ್ರೋಗ್ರಾಮಿನಲ್ಲಿ ಸಂಖ್ಯೆ, ಪದ ಮುಂತಾದ ಬೆಲೆಯೊಂದನ್ನು ಗುರುತಿಸಲು ಇಡುವ ಹೆಸರಿಗೆ ಇಂಗ್ಲಿಷಿನಲ್ಲಿ ‘ವೇರಿಯಬಲ್’ ಅನ್ನುತ್ತಾರೆ. ವೇರಿಯಬಲ್‌ಗೆ ಏನು ಬರೆಯೋಣ?

ಗಣಿತದಲ್ಲಿ ‘ಚರಾಕ್ಷರ’ ಇದೆ. ‘ಎರಡು ಚರಾಕ್ಷರಗಳಿರುವ ರೇಖಾತ್ಮಕ ಸಮೀಕರಣ’ ಮಕ್ಕಳಿಗೆ ಪರಿಚಿತವೇ. ಆದರೆ ಆ ಪದವನ್ನು ತಂದರೆ ಅದರ ಹಿಂದೆ ಬೀಜಗಣಿತವೂ ಬರುತ್ತದೆ. ಬೋರ್ಡಿನ ಮೇಲೆ ‘ಎಕ್ಸ್ = ಎಕ್ಸ್ + 1’ ಎಂದು ಬರೆದ ಕೂಡಲೇ ಚುರುಕಾದ ಮಕ್ಕಳೇ ಮೊದಲು ತಕರಾರು ತೆಗೆಯುತ್ತಾರೆ. “ಎರಡೂ ಕಡೆ ಎಕ್ಸ್ ಕಳೆದ್ರೆ 0 = 1 ಆಗುತ್ತಲ್ಲ ಮಿಸ್?” ಅವರು ಕಲಿತ ಗಣಿತದ ಪ್ರಕಾರ ಅದು ಸರಿ. ಸಮೀಕರಣದಲ್ಲಿ ಎಕ್ಸ್‌ನ ಬೆಲೆಯನ್ನು ಕಂಡುಹಿಡಿಯಬೇಕು. ಪ್ರೋಗ್ರಾಮಿನಲ್ಲಿ ಬೆಲೆಯನ್ನು ನಾವೇ ಕೊಡುತ್ತೇವೆ, ಬೇಕಾದಾಗ ಬದಲಿಸುತ್ತೇವೆ. ಇವೆರಡೂ ಬೇರೆ ಕೆಲಸ ಅಲ್ವಾ?

‘ಅಕ್ಷರ’ದ ತೊಡಕೂ ಇದೆ. ಬೀಜಗಣಿತದಲ್ಲಿ ಒಂದೇ ಅಕ್ಷರ ಸಾಕು. ಪ್ರೋಗ್ರಾಮಿನಲ್ಲಿ ‘ಒಟ್ಟು’, ‘ಅಂಕ’, ‘ಹಾಜರಾತಿ’ ಹೀಗೆ ಇಡೀ ಪದವನ್ನೇ ಬಳಸುತ್ತೇವೆ. ಮುಂದೆ ಸಿ ಭಾಷೆ ಕಲಿಯುವಾಗ ಒಂದು ಅಕ್ಷರವನ್ನು ಇಟ್ಟುಕೊಳ್ಳುವ ವೇರಿಯಬಲ್ ಬರುತ್ತದೆ. ಅದನ್ನು ‘ಅಕ್ಷರದ ಚರಾಕ್ಷರ’ ಅನ್ನಬೇಕಾಗುತ್ತದೆ. ಕೇಳುವ ಮಕ್ಕಳ ಗತಿ ಏನು?

ಅಕ್ಷರ ಬಿಟ್ಟು ‘ಚರ’ ಅಂದರೆ? ಚರಾಸ್ತಿ, ಸ್ಥಿರಾಸ್ತಿ ಅನ್ನುವಾಗ ಚರ ಎಂದರೆ ಜಾಗ ಬಿಟ್ಟು ಕದಲುವುದು. ಇಲ್ಲಿ ಕದಲುವುದು ಏನೂ ಇಲ್ಲ, ಬೆಲೆ ಬದಲಾಗುತ್ತದೆ ಅಷ್ಟೆ. ಅರ್ಥಶಾಸ್ತ್ರದ ಕನ್ನಡ ಬರಹಗಳಲ್ಲಿ ‘ಚಲಕ’ ಕಂಡಿದ್ದೇನೆ. ಅರ್ಥ ಅದೇ ದಾರಿಯದ್ದು, ಆದರೂ ‘ಅಕ್ಷರ’ದ ಗೊಂದಲ ಇಲ್ಲ. ಬೇರೇನೂ ಸಿಗದಿದ್ದರೆ ಇದನ್ನೇ ಹಿಡಿಯುತ್ತೇನೆ.

ಕಲಿಸುವವರು ಜಾಸ್ತಿ ಹೇಳುವುದು ‘ಡಬ್ಬಿ’. ಮೊದಲ ದಿನಕ್ಕೆ ಚೆನ್ನಾಗಿದೆ. ಆಮೇಲೆ ‘ಬಿ = ಎ’ ಎಂದು ಬರೆದಾಗ, ಎ ಡಬ್ಬಿಯಲ್ಲಿದ್ದದ್ದನ್ನು ಬಿ ಡಬ್ಬಿಗೆ ಸುರಿದ ಮೇಲೆ ಎ ಖಾಲಿಯಾಗಬೇಕು ಎಂದು ಮಕ್ಕಳು ತಿಳಿಯುತ್ತಾರೆ. ಖಾಲಿಯಾಗುವುದಿಲ್ಲ. ಎ ಬೆಲೆ ಹಾಗೇ ಇರುತ್ತದೆ. ಪೈಥಾನ್‌ನಲ್ಲಂತೂ ವೇರಿಯಬಲ್ ಎಂದರೆ ನಿಜಕ್ಕೂ ಒಂದು ಬೆಲೆಗೆ ಅಂಟಿಸಿದ ಹೆಸರು. ಒಂದೇ ಬೆಲೆಗೆ ಎರಡು ಹೆಸರೂ ಇರಬಹುದು.

ಹಾಗಾಗಿ ಸುಮ್ನೆ ‘ಹೆಸರು’ ಎಂದೇ ಕರೆದರೆ ಹೇಗೆ ಎಂಬುದು ನನ್ನ ಯೋಚನೆ. ಪೈಥಾನ್ 3ರಲ್ಲಿ ಕನ್ನಡ ಲಿಪಿಯಲ್ಲೇ ಹೆಸರಿಡಬಹುದು, ಆದರೆ ನಡುವೆ ಖಾಲಿ ಜಾಗ ಬಿಡಬಾರದು. ‘ಒಟ್ಟು = ಒಟ್ಟು + ಅಂಕ’ ಎಂದು ಬರೆದರೆ ಪೈಥಾನ್ ಒಪ್ಪುತ್ತದೆ. ಮಕ್ಕಳೂ ಎಕ್ಸ್‌ಗೆ ತೆಗೆದ ತಕರಾರನ್ನು ಇದಕ್ಕೆ ತೆಗೆಯುವುದಿಲ್ಲ. ಒಟ್ಟು 40 ಇತ್ತು, ಅಂಕ 5 ಬಂತು, ಈಗ ಒಟ್ಟು 45. ಇದರಲ್ಲಿ ತಪ್ಪೇನಿದೆ?

ಈ ಸಾಲನ್ನು ಗಟ್ಟಿಯಾಗಿ ಓದುವ ರೀತಿಯೂ ಮುಖ್ಯ. ‘ಸಮ’ ಎಂದು ಓದಿದರೆ ಮತ್ತೆ ಸಮೀಕರಣ. ಪ್ಯಾಸ್ಕಲ್ ಭಾಷೆಯಲ್ಲಿ ಬೆಲೆ ಕೊಡುವುದಕ್ಕೆ ‘:=’ ಎಂಬ ಬೇರೆ ಗುರುತೇ ಇದೆ. ಪೈಥಾನ್‌ನಲ್ಲಿ ಮಾಮೂಲಿ ‘=’ ಗುರುತನ್ನೇ ಬಳಸುವುದರಿಂದ ಓದುವಾಗಲಾದರೂ ವ್ಯತ್ಯಾಸ ಕಾಣಿಸಬೇಕು. ನಾನು ‘ಆಗಲಿ’ ಎಂದು ಓದಿಸುತ್ತಿದ್ದೇನೆ: ‘ಒಟ್ಟು ಇನ್ನು ಮೇಲೆ, ಹಳೆಯ ಒಟ್ಟಿಗೆ ಅಂಕ ಕೂಡಿಸಿದಷ್ಟು ಆಗಲಿ’. ಉದ್ದವಾಯಿತು, ನಿಜ. ಆದರೆ ಇದು ಆಜ್ಞೆ, ಹೇಳಿಕೆಯಲ್ಲ ಎಂಬುದು ಕನ್ನಡದ ಕ್ರಿಯಾಪದದಲ್ಲೇ ತಿಳಿಯುತ್ತದೆ. ಎರಡು ಬೆಲೆ ಒಂದೇನಾ ಎಂದು ಕೇಳುವ ‘==’ ಬಂದಾಗ ‘ಸಮವೇ?’ ಎಂದು ಓದಿಸುತ್ತೇನೆ. ಇವೆರಡನ್ನು ಮಕ್ಕಳು ಈಗ ಅದಲುಬದಲು ಮಾಡುವುದು ಕಡಿಮೆ.

‘ವೇರಿಯಬಲ್’ ಅಂತಲೇ ಇರಲಿ, ಪಿಯುಸಿಗೆ ಹೋದರೆ ಕಂಪ್ಯೂಟರ್ ಸೈನ್ಸ್ ಇಂಗ್ಲಿಷಿನಲ್ಲೇ ತಾನೇ ಎಂದು ಜೊತೆಗಿರುವ ಶಿಕ್ಷಕರೊಬ್ಬರು ಹೇಳುತ್ತಾರೆ. ಮಾತು ತಳ್ಳಿಹಾಕುವಂಥದ್ದಲ್ಲ, ಆ ಪದವನ್ನೂ ಕೈಪಿಡಿಯಲ್ಲಿ ಕೊಡುತ್ತೇನೆ. ಆದರೆ ಮನೆಯಲ್ಲಿ ತೆಲುಗು, ತಮಿಳು, ಉರ್ದು ಆಡಿ ಶಾಲೆಯಲ್ಲಿ ಕನ್ನಡದಲ್ಲಿ ಓದುವ ಈ ಮಕ್ಕಳಿಗೆ ವಿಷಯ ಮೊದಲು ತಲೆಗೆ ಹೋಗಬೇಕಾದದ್ದು ಅವರು ಓದುವ ಭಾಷೆಯಲ್ಲಿ.

‘ಹೆಸರು’ ತೀರಾ ಸಾಮಾನ್ಯ ಪದ, ಅದೇ ಅದರ ತೊಂದರೆ. ‘ವಿದ್ಯಾರ್ಥಿಯ ಹೆಸರು’ ಎಂಬುದನ್ನೇ ಪ್ರೋಗ್ರಾಮಿನಲ್ಲಿ ಇಡಬೇಕಾದಾಗ ಏನನ್ನುವುದು? ‘ಬೆಲೆಹೆಸರು’ ಎಂದು ಜೋಡಿಸಿದರೆ ಕಿವಿಗೆ ಒಗ್ಗುತ್ತದಾ? ನಿಮ್ಮ ಕಡೆಯ ಶಾಲೆಗಳಲ್ಲಿ ಮಕ್ಕಳೇ ಬಳಸುವ ಮಾತು ಇದ್ದರೆ ಅದನ್ನೂ ತಿಳಿಸಿ.