‘ಡೈಲ್ಯೂಟ್’ ಮಾಡುವುದಕ್ಕೆ ಏನನ್ನೋಣ? (ಡೆವಲಪರ್ ಬಗ್ಗೆ, ತುರ್ತು)

ಪ್ರಶ್ನೆ:
ಕಪ್ಪು-ಬಿಳುಪು ಫಿಲ್ಮನ್ನು ಮನೆಯಲ್ಲೇ ತೊಳೆಯಲು ಕಲಿಸುವ ಶಿಬಿರಕ್ಕೆ ಸೂಚನೆಯ ಹಾಳೆ ಬರೆಯುತ್ತಿದ್ದೇನೆ. ರಾತ್ರಿಯೊಳಗೆ ಅಚ್ಚಿಗೆ ಕೊಡಬೇಕು. ಡಿ-76 ಎಂಬ ಡೆವಲಪರ್ (ಫಿಲ್ಮಿನಲ್ಲಿ ಚಿತ್ರ ಮೂಡಿಸುವ ರಾಸಾಯನಿಕ) ಪುಡಿಯನ್ನು ಬಿಸಿನೀರಲ್ಲಿ ಕರಗಿಸಿದರೆ ಸ್ಟಾಕ್, ಅಂದರೆ ಮೂಲ ದ್ರಾವಣ, ಸಿದ್ಧ. ಅದನ್ನು 1:1 ಡೈಲ್ಯೂಟ್ ಮಾಡಿ (ನೀರು ಬೆರೆಸಿ ತೆಳುವಾಗಿಸಿ), ಒಮ್ಮೆ ಬಳಸಿ ಚೆಲ್ಲಬೇಕು. ‘ದುರ್ಬಲಗೊಳಿಸಿ’ ಎಂದು ಹಾಕಿದ್ದೇನೆ, ಯಾಕೋ ಸರಿ ಅನ್ನಿಸುತ್ತಿಲ್ಲ. ‘ಸ್ಟಾಕ್’ಗೂ ಪದ ಬೇಕು.

ಉತ್ತರ:
‘ಸಾರರಿಕ್ತ’. ಹೈಸ್ಕೂಲ್ ಪಠ್ಯದಲ್ಲೇ ಇದೆ. ದುರ್ಬಲ ಆಮ್ಲ ಬೇರೆ, ಸಾರರಿಕ್ತ ಆಮ್ಲ ಬೇರೆ. ಇಷ್ಟಕ್ಕೆ ಚರ್ಚೆ ಯಾಕೆ?

ಉತ್ತರ:
ರಿಕ್ತ ಅಂದರೆ ಬರಿದು. ಸಾರವೇ ಬರಿದಾದರೆ ಫಿಲ್ಮಿನ ಮೇಲೆ ಚಿತ್ರ ಮೂಡೀತೇ? ನಮ್ಮದೇ ‘ತಿಳಿ’ ಇದೆಯಲ್ಲ. ತಮಿಳಿನ ತೆಳಿ, ನಮ್ಮ ತಿಳಿ ಒಂದೇ ಬೇರಿನವು. ‘ತಿಳಿಯಾಗಿಸಿ’ ಅನ್ನಿ. ಡೆವಲಪರ್‌ಗೆ ‘ಮೂಡಿಸುಕ’. ಮೊದಲ ಪದವನ್ನೇ ಬಿಟ್ಟುಕೊಟ್ಟು ಕನ್ನಡದ ಹಾಳೆ ಅನ್ನಬೇಡಿ.

ಉತ್ತರ:
ತಿಳಿ ಬೇಡವೇ ಬೇಡ. ಸುಣ್ಣ ಕದಡಿಟ್ಟರೆ ಗಸಿ ಕೆಳಗೆ ಕೂತು ಮೇಲೆ ನಿಲ್ಲುವುದು ತಿಳಿ. ‘ತಿಳಿಯಾಗಿಸಿ’ ಅಂದರೆ ಶಿಬಿರದ ಹುಡುಗರು ಸೋಸಲು ಬಟ್ಟೆ ಹುಡುಕುತ್ತಾರೆ.

ನಿಜವಾದ ತೊಡಕು ಕ್ರಿಯಾಪದದಲ್ಲಿ ಇಲ್ಲ, ಆ ಎರಡು ಚುಕ್ಕಿಯಲ್ಲಿದೆ. 1:3 ಅಂದರೆ ಒಂದು ಪಾಲಿಗೆ ಮೂರು ಪಾಲು ನೀರೋ, ಒಟ್ಟು ಮೂರರಲ್ಲಿ ಒಂದು ಪಾಲೋ? ಫಿಲ್ಮ್ ತೊಳೆಯುವ 300 ಮಿ.ಲೀ. ಟ್ಯಾಂಕಿಗೆ ಮೊದಲ ಲೆಕ್ಕದಲ್ಲಿ 75 ಮಿ.ಲೀ. ಸ್ಟಾಕ್, ಎರಡನೆಯದರಲ್ಲಿ 100. ಫಿಲ್ಮ್, ಡೆವಲಪರ್ ತಯಾರಿಸುವ ಇಲ್‌ಫೋರ್ಡ್ ಕಂಪನಿಯವರು 1+1, 1+3 ಎಂದು ಕೂಡಿಸುವ ಚಿಹ್ನೆ ಹಾಕುವುದರಿಂದ ಈ ಗೊಂದಲವೇ ಇರುವುದಿಲ್ಲ. ತಪ್ಪಿದರೆ ಸಮಯವೂ ತಪ್ಪುತ್ತದೆ. ಡಿ-76ರ ಹತ್ತಿರದ ನೆಂಟ, ಅವರ ಐಡಿ-11 ಡೆವಲಪರ್‌ನಲ್ಲಿ ಎಚ್‌ಪಿ5 ಪ್ಲಸ್ ಫಿಲ್ಮಿಗೆ 20 ಡಿಗ್ರಿಯಲ್ಲಿ ಸ್ಟಾಕ್ ಆದರೆ ಏಳೂವರೆ ನಿಮಿಷ, 1+1 ಆದರೆ 13, 1+3 ಆದರೆ 20.

ಕನ್ನಡದಲ್ಲಿ ಇದಕ್ಕೆ ಸಲೀಸಾದ ಮಾತಿದೆ. ಅನ್ನಕ್ಕೆ ಎಸರಿಡುವಾಗ ‘ಒಂದಕ್ಕೆ ಎರಡು ನೀರು’ ಅನ್ನುತ್ತೇವೆ, ಯಾರಿಗೂ ಅನುಮಾನ ಬರುವುದಿಲ್ಲ. ಹಾಗೇ ಬರೆಯಿರಿ: ‘ಒಂದು ಪಾಲು ಸ್ಟಾಕಿಗೆ ಒಂದು ಪಾಲು ನೀರು ಬೆರೆಸಿ.’ ಡೈಲ್ಯೂಟ್‌ಗೆ ಬೇರೆ ಪದವೇ ಬೇಕಿಲ್ಲ. ಸ್ಟಾಕನ್ನು ಹಾಗೇ ಬಿಡಿ, ಬಾಟಲಿಯ ಮೇಲೂ ಅದೇ ಇರುತ್ತದೆ. ಹಾಂ, ತುಂಬಿದ ಬಾಟಲಿ, ಬಿಗಿ ಮುಚ್ಚಳ ಎಂದು ಸೇರಿಸಿ. ತುಂಬಿದ್ದರೆ ಆರು ತಿಂಗಳು ಬಾಳುತ್ತದೆ, ಅರ್ಧ ಖಾಲಿಯಿದ್ದರೆ ಎರಡೇ.

ಉತ್ತರ:
ಪದವೇ ಬೇಕಿಲ್ಲ ಅನ್ನುವುದು ಸೋಮಾರಿತನ. ಇವತ್ತು ಸ್ಟಾಕ್, ನಾಳೆ ಬೋರಾಕ್ಸ್. ಡಿ-76ರಲ್ಲಿ ಲೀಟರಿಗೆ 2 ಗ್ರಾಂ ಇರುವ ಆ ಬೋರಾಕ್ಸ್‌ಗೆ ಕನ್ನಡದಲ್ಲಿ ‘ಬಿಳಿಗಾರ’ ಎಂಬ ಹೆಸರು ಎಂದಿನಿಂದಲೂ ಇದೆ. ಎಷ್ಟು ಜನಕ್ಕೆ ಗೊತ್ತು?

ಉತ್ತರ:
ಬಿಳಿಗಾರ ಚೆಂದದ ಪದ, ಒಪ್ಪಿದೆ. ಆದರೆ ಅದರಲ್ಲಿರುವ ‘ಗಾರ’ ಸಂಸ್ಕೃತದ ಕ್ಷಾರ ಅಲ್ವಾ? ಸಾಲದ ಪದವನ್ನೇ ಹಿಡಿದು ಸಾಲ ಬೇಡ ಅಂತೀರಿ. ಹೋಗಲಿ, ಅದೇ ಪುಡಿಯಲ್ಲಿರುವ ಮೆಟಾಲ್, ಹೈಡ್ರೋಕ್ವಿನೋನ್ ಎಂಬ ರಾಸಾಯನಿಕಗಳಿಗೆ ಏನು ಮಾಡುತ್ತೀರಿ? ಅಂಗಡಿಯಲ್ಲಿ ‘ಮೂಡಿಸುಕ ಕೊಡಿ’ ಅಂದರೆ ಸುಮ್ನೆ ಮುಖ ನೋಡುತ್ತಾರೆ.

ಉತ್ತರ:
ಅಂಗಡಿಯವರು ನಿಘಂಟು ಬರೆಯುವುದಿಲ್ಲ.

ಪ್ರಶ್ನೆ ಕೇಳಿದವರು:
ಜಗಳ ಆಮೇಲೆ ಆಡಿ, ದಯವಿಟ್ಟು. ಹಾಳೆಯಲ್ಲಿ ಈಗ ಹೀಗಿದೆ: ‘ಒಂದು ಪಾಲು ಸ್ಟಾಕಿಗೆ ಒಂದು ಪಾಲು ನೀರು ಬೆರೆಸಿ (150 ಮಿ.ಲೀ. + 150 ಮಿ.ಲೀ.). ಒಮ್ಮೆ ಬಳಸಿದ ಮೇಲೆ ಚೆಲ್ಲಿ, ಸ್ಟಾಕ್ ಬಾಟಲಿಗೆ ವಾಪಸ್ ಸುರಿಯಬೇಡಿ.’ ಬೋರಾಕ್ಸ್ ಮುಂದೆ ಬಿಳಿಗಾರವನ್ನೂ ಹಾಕಿದ್ದೇನೆ. ಇನ್ನೊಂದೇ ಉಳಿದಿದೆ. ಅಜಿಟೇಶನ್‌ಗೆ (ಟ್ಯಾಂಕಿನಲ್ಲಿ ಡೆವಲಪರ್ ಆಗಾಗ ಕದಲುವಂತೆ ಮಾಡುವುದಕ್ಕೆ) ‘ಟ್ಯಾಂಕ್ ಅಲ್ಲಾಡಿಸಿ’ ಸಾಕಾ?

ಉತ್ತರ:
ಸಾಲದು. ಅಲ್ಲಾಡಿಸಿ ಅಂದರೆ ಜೋರಾಗಿ ಕುಲುಕಿ ನೊರೆ ಎಬ್ಬಿಸುತ್ತಾರೆ. ‘ಪ್ರತಿ ನಿಮಿಷದ ಮೊದಲ 10 ಸೆಕೆಂಡಿನಲ್ಲಿ ನಾಲ್ಕು ಸಲ ಟ್ಯಾಂಕನ್ನು ಮೆಲ್ಲಗೆ ತಲೆಕೆಳಗು ಮಾಡಿ ಎತ್ತಿ’ ಎಂದು ಬರೆಯಿರಿ. ಗುಳ್ಳೆ ಬಿಡಲು ಪ್ರತಿ ಸಲದ ಕೊನೆಗೆ ಒಮ್ಮೆ ಮೇಜಿಗೆ ತಟ್ಟಲಿ.