ಪಶ್ಚಿಮ ಘಟ್ಟದಲ್ಲಿ ಜ್ವಾಲಾಮುಖಿಗಳು ಏಕಿಲ್ಲ?

ಪ್ರಶ್ನೆ, ಚಿಕ್ಕಮಗಳೂರಿನಿಂದ:
ಮಾನ್ಯರೇ, ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸುತ್ತೇನೆ. ಪೆಸಿಫಿಕ್ ಸಾಗರದ ಸುತ್ತ ಸುಮಾರು 40,000 ಕಿ.ಮೀ. ಹಬ್ಬಿರುವ ಜ್ವಾಲಾಮುಖಿಗಳ ಪಟ್ಟಿಯಾದ ‘ಬೆಂಕಿಯ ಉಂಗುರ’ದ ಪಾಠ ನಡೆಯುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು, “ಸರ್, ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ಹಾಗೆಯೇ ನಮ್ಮ ಘಟ್ಟವೂ ಕಡಲಿನ ಉದ್ದಕ್ಕೆ ಇದೆಯಲ್ಲ, ಮುಳ್ಳಯ್ಯನಗಿರಿಯೂ ಜ್ವಾಲಾಮುಖಿಯೇ?” ಎಂದು ಕೇಳಿದಳು. ಅಲ್ಲವೆಂದೆ, ಏಕೆ ಅಲ್ಲ ಎಂಬುದನ್ನು ವಿವರಿಸಲು ತಡವರಿಸಿದೆ. ತಿಳಿದವರು ತಿಳಿಸಬೇಕು.

ಉತ್ತರ, ಹಾಸನದಿಂದ:
ಮೇಷ್ಟ್ರೇ, ತೊಡಕಿರುವುದು ‘ಅಂಚು’ ಎಂಬ ಮಾತಿನಲ್ಲಿ. ನೀರಿನ ಅಂಚು ಬೇರೆ, ಭೂಫಲಕದ (ಭೂಮಿಯ ಹೊರಪದರದ ಚಲಿಸುವ ದೊಡ್ಡ ತುಂಡಿನ) ಅಂಚು ಬೇರೆ. ದಕ್ಷಿಣ ಅಮೆರಿಕದ ಪಶ್ಚಿಮ ತೀರದಲ್ಲಿ ಇವೆರಡೂ ಹೆಚ್ಚುಕಡಿಮೆ ಒಂದೇ ಕಡೆ ಇವೆ; ಅಲ್ಲಿ ಸಾಗರತಳದ ನಾಜ್ಕಾ ಫಲಕವು ಖಂಡದ ಅಡಿಗೆ ಇಳಿಯುತ್ತಿದೆ. ನಮ್ಮಲ್ಲಾದರೋ ಮಲ್ಪೆಯ ತೀರ ದಾಟಿದರೂ ಭಾರತ ಫಲಕ ಮುಗಿಯುವುದಿಲ್ಲ. ಅರಬ್ಬಿ ಸಮುದ್ರದ ತಳದಲ್ಲಿ ಅದು ಬಹುದೂರ ಮುಂದುವರಿಯುತ್ತದೆ. ಯಾವುದೂ ಯಾವುದರ ಅಡಿಗೂ ಇಳಿಯದ ಕಡೆ ಈ ಬಗೆಯ ಜ್ವಾಲಾಮುಖಿ ಹುಟ್ಟುವುದಿಲ್ಲ.

ಇಳಿಯುವ ಫಲಕವೇ ಕರಗಿ ಮೇಲೆ ಬರುತ್ತದೆಂದು ಅನೇಕರು ಬರೆಯುತ್ತಾರೆ, ಸಾಮಾನ್ಯವಾಗಿ ಹಾಗಲ್ಲ. ಸಾಗರತಳದ ಶಿಲೆಯ ಖನಿಜಗಳಲ್ಲಿ ಸೇರಿಕೊಂಡಿರುವ ನೀರು, ಫಲಕ ಸುಮಾರು 100 ಕಿ.ಮೀ. ಆಳಕ್ಕೆ ಇಳಿಯುವ ಹೊತ್ತಿಗೆ ಒತ್ತಡಕ್ಕೂ ಬಿಸಿಗೂ ಸಿಲುಕಿ ಹೊರಬಿದ್ದು, ಅದರ ಮೇಲಿರುವ ಮ್ಯಾಂಟಲ್ ಪದರಕ್ಕೆ (ಭೂಮಿಯ ಹೊರಚಿಪ್ಪಿನ ಕೆಳಗಿನ ಬಿಸಿ ಶಿಲೆಯ ಪದರಕ್ಕೆ) ಸೇರುತ್ತದೆ. ಆಗ ಆ ಪದರದ ಕರಗುವ ಉಷ್ಣತೆ ತಗ್ಗಿ, ಇದ್ದ ಬಿಸಿಯಲ್ಲೇ ಅದು ಭಾಗಶಃ ಕರಗುತ್ತದೆ; ಆ ಕರಗಿದ ಶಿಲೆಯೇ ಮೇಲೇರಿ ಜ್ವಾಲಾಮುಖಿಯಲ್ಲಿ ಹೊರಬರುತ್ತದೆ. ಒಣ ಬಾಣಲೆಯಲ್ಲಿ ಬೆಲ್ಲದಚ್ಚು ತಳ ಹಿಡಿಯುತ್ತದೆಯೇ ಹೊರತು ಸುಲಭವಾಗಿ ಕರಗದು. ನಾಲ್ಕು ಚಮಚ ನೀರು ಬಿದ್ದರೆ ಸಣ್ಣ ಉರಿಯಲ್ಲೇ ಪಾಕವಾಗುತ್ತದೆ. ರಸಾಯನಶಾಸ್ತ್ರದವರು ಈ ಹೋಲಿಕೆಯನ್ನು ಒಪ್ಪಲಾರರು, ಆದರೆ ಮಕ್ಕಳಿಗೆ ಕರಗಿದ ಶಿಲೆಗಿರುವ ‘ಶಿಲಾಪಾಕ’ವೆಂಬ ಪದ ಮರೆಯುವುದಿಲ್ಲ. ಈ ನೀರೇ ಅನಿಲವಾಗಿ ಹಿಗ್ಗುವುದರಿಂದ ಫಿಲಿಪೈನ್ಸ್‌ನ ಪಿನಟುಬೊ ಜ್ವಾಲಾಮುಖಿಯ 1991ರ ಸ್ಫೋಟದಂತಹವು ಅಷ್ಟು ಭೀಕರವಾಗಿರುತ್ತವೆ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಹಾಗಾದರೆ ಉಂಗುರದಲ್ಲಿ ಎಲ್ಲೂ ಬಿಡುವಿಲ್ಲವೇ?

ಉತ್ತರ, ಹಾಸನದಿಂದ:
ಇದೆ. ಕ್ಯಾಲಿಫೋರ್ನಿಯಾದ ಸಾನ್ ಆಂಡ್ರಿಯಾಸ್ ಬಿರುಕಿನುದ್ದಕ್ಕೂ ಫಲಕಗಳು ಪಕ್ಕಪಕ್ಕದಲ್ಲಿ ಉಜ್ಜಿಕೊಂಡು ಸಾಗುತ್ತವೆ. ಭೂಕಂಪವುಂಟು, ಜ್ವಾಲಾಮುಖಿಗಳ ಸಾಲಿಲ್ಲ. ಪೆರುವಿನ ಒಂದು ಭಾಗದಲ್ಲಿ ಫಲಕವು ಇಳಿದರೂ ಬಹುಮಟ್ಟಿಗೆ ಮಟ್ಟಸವಾಗಿಯೇ ಜಾರುವುದರಿಂದ, ಕರಗಬೇಕಾದ ಬಿಸಿ ಮ್ಯಾಂಟಲಿಗೆ ಅದರ ಮೇಲೆ ಎಡೆಯುಳಿಯದೆ, ಅಲ್ಲಿಯೂ ಸಕ್ರಿಯ ಜ್ವಾಲಾಮುಖಿಗಳಿಲ್ಲ.

ಉತ್ತರ, ಮೂಡಿಗೆರೆಯಿಂದ:
ಎರಡು ಮಾತು ಸೇರಿಸುತ್ತೇನೆ. ಭಾರತ ಫಲಕ ನಿಜವಾಗಿಯೂ ಅಡಿಗೆ ಇಳಿಯುವುದು ಪೂರ್ವದಲ್ಲಿ, ಅಂಡಮಾನಿನ ಬಳಿ; ಅಲ್ಲಿನ ಬ್ಯಾರನ್ ದ್ವೀಪದ ಜ್ವಾಲಾಮುಖಿ 1991ರಲ್ಲಿ ಮತ್ತೆ ಎಚ್ಚೆತ್ತಿತು. ಇನ್ನು ಮುಳ್ಳಯ್ಯನಗಿರಿ ಜ್ವಾಲಾಮುಖಿಯಲ್ಲವೆಂದು ಹೇಳಿ ಪಾಠ ಮುಗಿಸಬೇಡಿ. ಅದು ಸೇರಿರುವ ಬಾಬಾಬುಡನ್ ಶ್ರೇಣಿಯಲ್ಲಿ 250 ಕೋಟಿ ವರ್ಷಕ್ಕೂ ಹಿಂದೆ ಹರಿದ ಲಾವಾ ಶಿಲೆಗಳಿವೆ. ಹಸಿರುಗಪ್ಪು ಕಲ್ಲಿನಲ್ಲಿ ಕಡಲೆಕಾಳಿನಷ್ಟು ಬಿಳಿ ಚುಕ್ಕೆಗಳು ಕಂಡರೆ ಮಕ್ಕಳಿಗೆ ಮುಟ್ಟಿಸಿ ತೋರಿಸಿ: ಲಾವಾ ಆರುವಾಗ ಒಳಗುಳಿದ ಗುಳ್ಳೆಗಳಲ್ಲಿ ಮುಂದೆ ಖನಿಜ ತುಂಬಿಕೊಂಡ ಗುರುತುಗಳವು.