2016ರ ಆಕ್ಟೇವಿಯಾ 1.8 ಟಿಎಸ್‌ಐ: ಮನಸ್ಸು ಬೇಕು ಅಂತಿದೆ, ಗೇರ್‌ಬಾಕ್ಸ್ ಭಯ ಬಿಡ್ತಿಲ್ಲ. ತಗೊಳ್ಳಲಾ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಸ್ಕೋಡಾ ಆಕ್ಟೇವಿಯಾ 1.8 ಟಿಎಸ್‌ಐ ಆಟೊಮ್ಯಾಟಿಕ್ ಒಂದು ಮಾರಾಟಕ್ಕಿದೆ. 2016ರ ಗಾಡಿ, ಬೆಂಗಳೂರು ನೋಂದಣಿ, ಎರಡನೇ ಓನರ್, ಮೀಟರ್‌ನಲ್ಲಿ 74,000 ಕಿ.ಮೀ. ಕೇಳುತ್ತಿರುವುದು 8.9 ಲಕ್ಷ. ಅದನ್ನು ನೋಡಿದ ಮೇಲೆ ಬೇರೆ ಯಾವ ಗಾಡಿಯೂ ಮನಸ್ಸಿಗೆ ಹಿಡಿಸುತ್ತಿಲ್ಲ. ಆದರೆ ಯಾರನ್ನು ಕೇಳಿದರೂ ಇದರ ಡಿಎಸ್‌ಜಿ (ಎರಡು ಕ್ಲಚ್‌ನ ಆಟೊಮ್ಯಾಟಿಕ್) ಗೇರ್‌ಬಾಕ್ಸ್ ಬೇಡವೇ ಬೇಡ ಅನ್ನುತ್ತಾರೆ. ನನ್ನ ಓಡಾಟ ಹೀಗಿದೆ: ವಾರಕ್ಕೆ ಮೂರು ದಿನ ಕೆಂಗೇರಿಯಿಂದ ವೈಟ್‌ಫೀಲ್ಡ್, ತಿಂಗಳಿಗೊಮ್ಮೆ ಶಿವಮೊಗ್ಗ. ಕೈಯಲ್ಲಿ ಒಟ್ಟು ಇರುವುದು 10 ಲಕ್ಷ. ಗೇರ್‌ಬಾಕ್ಸ್ ನಿಜಕ್ಕೂ ಅಷ್ಟು ಕೆಟ್ಟದ್ದಾ? ನೋಡಲು ಹೋದಾಗ ಏನೇನು ಪರೀಕ್ಷಿಸಬೇಕು?

ಉತ್ತರ: ಗೇರ್‌ಬಾಕ್ಸ್ ತಂತ್ರಜ್ಞ

ಸರ್, "ಡಿಎಸ್‌ಜಿ" ಅಂತ ಒಂದೇ ಹೆಸರಲ್ಲಿ ಬೈಯುವುದರಿಂದ ಗೊಂದಲ ಆಗುತ್ತಿದೆ. 2013ರ ಅಕ್ಟೋಬರ್‌ನಲ್ಲಿ ಬಂದ ಈ ತಲೆಮಾರಿನ ಆಕ್ಟೇವಿಯಾದಲ್ಲಿ ಎರಡು ಬೇರೆ ಬೇರೆ ಡಿಎಸ್‌ಜಿ ಇವೆ. 2.0 ಡೀಸೆಲ್‌ನಲ್ಲಿರುವುದು 6 ಗೇರಿನ ಡಿಕ್ಯೂ250, ಅದರ ಕ್ಲಚ್‌ಗಳು ಎಣ್ಣೆಯಲ್ಲಿ ಮುಳುಗಿರುತ್ತವೆ. ನೀವು ನೋಡಿರುವ 1.8 ಪೆಟ್ರೋಲ್‌ನಲ್ಲಿರುವುದು 7 ಗೇರಿನ ಡಿಕ್ಯೂ200, ಒಣ ಕ್ಲಚ್‌ನದ್ದು. ಹೆಸರು ಕೆಡಿಸಿಕೊಂಡಿರುವುದು ಈ ಎರಡನೆಯದು. ಅದು ತಡೆದುಕೊಳ್ಳುವ ಟಾರ್ಕ್ ಮಿತಿ 250 ಎನ್‌ಎಂ. 180 ಪಿಎಸ್‌ನ ಈ ಎಂಜಿನ್ನಿನ ಟಾರ್ಕನ್ನೂ ಕಂಪನಿ ಸರಿಯಾಗಿ 250ಕ್ಕೇ ಕಟ್ಟಿಹಾಕಿದೆ. ಅಂದರೆ ಗೇರ್‌ಬಾಕ್ಸ್‌ಗೆ ಹೆಚ್ಚುವರಿ ಉಸಿರೇ ಇಲ್ಲ. ಯಾರಾದರೂ ಇದಕ್ಕೆ ರೀಮ್ಯಾಪ್ (ಶಕ್ತಿ ಹೆಚ್ಚಿಸಲು ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾವಣೆ) ಮಾಡಿಸಿದ್ದರೆ ಮಾತು ಅಲ್ಲಿಗೇ ಮುಗಿಸಿ, ಬೇರೆ ಗಾಡಿ ನೋಡಿ.

ಹಾಳಾಗುವುದು ಮುಖ್ಯವಾಗಿ ಎರಡು ಕಡೆ. ಮೊದಲನೆಯದು ಕ್ಲಚ್. 1, 3, 5, 7ನೇ ಗೇರುಗಳು ಒಂದು ಕ್ಲಚ್ ಮೇಲೆ, 2, 4, 6 ಮತ್ತು ರಿವರ್ಸ್ ಇನ್ನೊಂದರ ಮೇಲೆ. ಸಿಲ್ಕ್ ಬೋರ್ಡ್‌ನಂಥ ಕಡೆ ಆಮೆ ನಡಿಗೆಯಲ್ಲಿ ಹೋಗುವಾಗ ಕ್ಲಚ್ ಪೂರ್ತಿ ಹಿಡಿಯುವುದೂ ಇಲ್ಲ, ಪೂರ್ತಿ ಬಿಡುವುದೂ ಇಲ್ಲ. ಉಜ್ಜುತ್ತಾ ಬಿಸಿಯಾಗುತ್ತದೆ. ಆ ಬಿಸಿ ಹೀರಲು ಎಣ್ಣೆ ಇಲ್ಲ. ಮೇಲ್ಮೈ ಗಾಜಿನ ಹಾಗೆ ನುಣುಪಾಗಿ, ಗಾಡಿ ಎಳೆಯುವಾಗ ನಡುಗಲು ಶುರುವಾಗುತ್ತದೆ.

ಎರಡನೆಯದು ಮೆಕಾಟ್ರಾನಿಕ್. ಗೇರ್ ಹಾಕುವ, ಕ್ಲಚ್ ಒತ್ತುವ ಕೆಲಸವೆಲ್ಲ ಇದರದ್ದೇ. ಇದಕ್ಕೆ ಪ್ರತ್ಯೇಕವಾಗಿ ಸುಮಾರು 1 ಲೀಟರ್ ಹೈಡ್ರಾಲಿಕ್ ಎಣ್ಣೆ. ಗೇರುಗಳಿಗೆ ಇರುವ ಸುಮಾರು 1.7 ಲೀಟರ್ ಎಣ್ಣೆಯೇ ಬೇರೆ. ಒಳಗಿನ ಪುಟ್ಟ ಎಲೆಕ್ಟ್ರಿಕ್ ಪಂಪ್ 60 ಬಾರ್ ಆಸುಪಾಸಿನವರೆಗೆ ಒತ್ತಡ ಏರಿಸಿ ನಿಲ್ಲುತ್ತದೆ, ಒತ್ತಡ 40ರ ಹತ್ತಿರ ಇಳಿದಾಗ ಮತ್ತೆ ಎದ್ದು ಓಡುತ್ತದೆ. ಈ ಒತ್ತಡ ಹಿಡಿದಿಡುವ ಅಕ್ಯುಮುಲೇಟರ್ ಅನ್ನು ಅಲ್ಯೂಮಿನಿಯಂ ಕವಚಕ್ಕೆ ತಿರುಪಿ ಕೂರಿಸಿರುತ್ತಾರೆ. ಒತ್ತಡ ಏರಿ ಇಳಿದೂ ಏರಿ ಇಳಿದೂ ಆ ಜಾಗದಲ್ಲಿ ಸಣ್ಣ ಬಿರುಕು ಬಿಡುತ್ತದೆ, ಎಣ್ಣೆ ಜಿನುಗುತ್ತದೆ. ಒತ್ತಡ ನಿಲ್ಲದೆ ಪಂಪ್ ಬಿಡುವಿಲ್ಲದೆ ಓಡುತ್ತದೆ, ಕೊನೆಗೆ ಮೋಟಾರ್ ಸುಡಬಾರದೆಂದು ಕಂಪ್ಯೂಟರೇ ಅದನ್ನು ನಿಲ್ಲಿಸುತ್ತದೆ. ಆಗ ಗೇರ್ ಸೂಚಕ ಮಿನುಗಿ ಗಾಡಿ ಇದ್ದಲ್ಲೇ ನಿಲ್ಲುತ್ತದೆ. ಕ್ಲಚ್ ಸವೆತ ತಿಂಗಳುಗಟ್ಟಲೆ ಸೂಚನೆ ಕೊಡುತ್ತದೆ. ಮೆಕಾಟ್ರಾನಿಕ್ ಹಾಗಲ್ಲ, ನೈಸ್ ರಸ್ತೆಯ ನಡುವೆಯೇ ಕೈಕೊಡಬಹುದು.

ಹಳೆಯ ಸುದ್ದಿಗಳಲ್ಲಿ ಓದುವ ಇನ್ನೊಂದು ತೊಂದರೆ ಸಿಂಥೆಟಿಕ್ ಎಣ್ಣೆಯದ್ದು. ಬಿಸಿ, ತೇವದ ಹವೆಯಲ್ಲಿ ಒಳಗೆ ಶಾರ್ಟ್ ಆಗುತ್ತಿತ್ತು. 2013ರ ನವೆಂಬರ್‌ನಲ್ಲಿ ಫೋಕ್ಸ್‌ವ್ಯಾಗನ್ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಗಾಡಿಗಳಿಗೆ ಮಿನರಲ್ ಎಣ್ಣೆ ತುಂಬಿಸಲು ಕರೆಕೊಟ್ಟಿತು. 2016ರ ಗಾಡಿಗೆ ಆ ಭಯ ಬೇಡ.

ಪರೀಕ್ಷೆಗೆ ಬೆಳಿಗ್ಗೆ ಹೋಗಿ, ಗಾಡಿ ರಾತ್ರಿಯಿಡೀ ನಿಂತಿರಬೇಕು. "ನೀವು ಬರುವಷ್ಟರಲ್ಲಿ ಸ್ಟಾರ್ಟ್ ಮಾಡಿಟ್ಟಿರ್ತೀನಿ" ಅಂದರೆ ಬೇಡ ಅನ್ನಿ. ಡ್ರೈವರ್ ಬಾಗಿಲು ತೆಗೆದ ಕ್ಷಣ ಪಂಪಿನ "ಝೂಂ" ಸದ್ದು ಕೇಳಿಸುತ್ತದೆ, ಸ್ವಲ್ಪ ಹೊತ್ತಿಗೆ ನಿಲ್ಲಬೇಕು. ಆಮೇಲೆ ಇಗ್ನಿಷನ್ ಆನ್ ಇಟ್ಟು, ಎಂಜಿನ್ ಆಫ್ ಇರುವಾಗ, ಗೇರ್ ಮುಟ್ಟದೆ ಸುಮ್ಮನೆ ಕೂತು ಕೇಳಿ. ಏನೂ ಮಾಡದಿದ್ದರೂ ಪಂಪ್ ಮತ್ತೆ ಮತ್ತೆ ಎದ್ದು ಓಡುತ್ತಿದ್ದರೆ ಒತ್ತಡ ಸೋರುತ್ತಿದೆ.

ನಂತರ ಕನಿಷ್ಠ 40 ನಿಮಿಷ ಟ್ರಾಫಿಕ್‌ನಲ್ಲೇ ಓಡಿಸಿ. ಖಾಲಿ ರಸ್ತೆಯಲ್ಲಿ ಈ ಗಾಡಿ ಯಾರನ್ನಾದರೂ ಮರುಳು ಮಾಡುತ್ತದೆ, ಅಲ್ಲಿ ಏನೂ ತಿಳಿಯದು. ಬಿಸಿಯಾದ ಮೇಲೆ ಯಾವುದಾದರೂ ಮಾಲ್‌ನ ಬೇಸ್‌ಮೆಂಟ್ ರ‍್ಯಾಂಪ್ ಹುಡುಕಿ. ಏರಿನಲ್ಲಿ ನಿಲ್ಲಿಸಿ ನಿಧಾನಕ್ಕೆ ಮುಂದೆ ಎಳೆಯಿರಿ, ನಡುಗಿದರೆ ಮೊದಲ ಕ್ಲಚ್. ಅದೇ ಏರನ್ನು ರಿವರ್ಸ್‌ನಲ್ಲಿ ಹತ್ತಿಸಿ, ನಡುಗಿದರೆ ಎರಡನೆಯದು. ಎರಡೂ ಒಂದೇ ಪ್ಯಾಕ್ ಆಗಿ ಬರುವುದರಿಂದ ಯಾವುದು ಹೋದರೂ ಪೂರ್ತಿ ಸೆಟ್ ಬದಲಾಯಿಸಬೇಕು. ಗೇಜ್‌ನಲ್ಲಿ ಬೇರಿಂಗ್ ಎತ್ತರ ಅಳೆದು ಸರಿಯಾದ ದಪ್ಪದ ಶಿಮ್ (ತೆಳು ಬಿಲ್ಲೆ) ಆರಿಸಬೇಕು, ಕೊನೆಗೆ ಸ್ಕ್ಯಾನರ್‌ನಲ್ಲಿ ಬೇಸಿಕ್ ಸೆಟ್ಟಿಂಗ್ ಮಾಡಬೇಕು. ಎಲ್ಲ ಗ್ಯಾರೇಜಿನ ಕೆಲಸ ಅಲ್ಲ.

ವಿಸಿಡಿಎಸ್ ಸ್ಕ್ಯಾನರ್ ಇರುವವರನ್ನು ಕರೆದೊಯ್ಯಿರಿ. ಸ್ಕ್ಯಾನರ್‌ನ ಗೇರ್‌ಬಾಕ್ಸ್ ವಿಭಾಗದಲ್ಲಿ (ವಿಳಾಸ 02) ಪಿ17ಬಿಎಫ್ ಅಥವಾ ಪಿ189ಸಿ ಎಂಬ ದೋಷದ ಕೋಡ್ ಬಂದರೆ ಒತ್ತಡದ ತೊಂದರೆ. ಕೋಡ್ ಒಂದೂ ಇಲ್ಲ ಅಂದರೂ ಹಿಗ್ಗಬೇಡಿ, ಎಂಜಿನ್ನಿನ ರೆಡಿನೆಸ್ (ಕಂಪ್ಯೂಟರಿನ ಸ್ವಯಂ ಪರೀಕ್ಷೆಗಳು ಮುಗಿದಿವೆಯಾ ಎಂಬ ಸ್ಥಿತಿ) ನೋಡಿ. ಅದು ಪೂರ್ತಿಯಾಗಿಲ್ಲ ಅಂದರೆ ಇತ್ತೀಚೆಗೆ ಕೋಡ್ ಅಳಿಸಿದ್ದಾರೆ ಅಥವಾ ಬ್ಯಾಟರಿ ಕಳಚಿದ್ದಾರೆ. ಹಳೆಯ ದೋಷಗಳ ಜೊತೆ ಆಗಿನ ಕಿ.ಮೀ. ದಾಖಲಾಗಿರುತ್ತದೆ. ಮೀಟರ್ 74,000 ತೋರಿಸುತ್ತಾ ದೋಷ 1,10,000ದಲ್ಲಿ ಅಂತಿದ್ದರೆ ಮೀಟರ್ ತಿರುಗಿಸಿದ್ದಾರೆ.

ಎಂಜಿನ್ ಗಟ್ಟಿ, ಆದರೆ ಒಂದು ಜಾಗ ಬಿಡದೆ ನೋಡಿ. ಥ್ರಾಟಲ್ ಬಾಡಿ ಕೆಳಗೆ ವಾಟರ್ ಪಂಪ್ ಮತ್ತು ಥರ್ಮೋಸ್ಟಾಟ್ ಒಟ್ಟಿಗಿರುವ ಪ್ಲಾಸ್ಟಿಕ್ ಕವಚ ಇದೆ. ಅದು ಬಿಸಿಗೆ ಸೊಟ್ಟಗಾಗಿ ಕೂಲೆಂಟ್ ಸೋರುತ್ತದೆ, ಒಣಗಿದ ಮೇಲೆ ಗುಲಾಬಿ ಬಣ್ಣದ ಹಕ್ಕಳೆ ಉಳಿಯುತ್ತದೆ. ಎಂಜಿನ್ ಓಡುತ್ತಿರುವಾಗ ಆಯಿಲ್ ಮುಚ್ಚಳ ತೆಗೆಯಿರಿ. ಬಲವಾಗಿ ಒಳಕ್ಕೆ ಎಳೆದು ಹಿಡಿದರೆ ಪಿಸಿವಿಯ (ಎಂಜಿನ್ ಒಳಗಿನ ಆವಿ ಹೊರಬಿಡುವ ವಾಲ್ವ್) ರಬ್ಬರ್ ಪೊರೆ ಹರಿದಿದೆ, ಅದು ಸಣ್ಣ ಖರ್ಚು. ತಣ್ಣಗಿನ ಸ್ಟಾರ್ಟ್‌ನಲ್ಲಿ ಚೈನ್ ಗಲಗಲ ಅಂದು ಮುಂದುವರಿದರೆ ದೊಡ್ಡ ಖರ್ಚು.

ಕೇಳಿದವರು

ತುಂಬಾ ಧನ್ಯವಾದ ಸರ್. ಹೋದ ವರ್ಷವೇ ಮೆಕಾಟ್ರಾನಿಕ್ ಬದಲಾಯಿಸಿದ್ದೇವೆ ಅಂತ ಮಾರುವವರು ಹೇಳುತ್ತಿದ್ದಾರೆ. ಅದು ಒಳ್ಳೆಯದೇ ಅಲ್ಲವಾ? ಇನ್ನೊಂದು, ಇನ್ಶೂರೆನ್ಸ್ ಇದ್ದರೆ ಗೇರ್‌ಬಾಕ್ಸ್ ಖರ್ಚು ಅದರಲ್ಲಿ ಬರುತ್ತಾ?

ಗೇರ್‌ಬಾಕ್ಸ್ ತಂತ್ರಜ್ಞ

ಬಿಲ್ ಇದ್ದರೆ ಒಳ್ಳೆಯದು. ಬಿಲ್‌ನಲ್ಲಿ ಪಾರ್ಟ್ ನಂಬರ್ ಇರಬೇಕು, ಚಾಸಿ ನಂಬರ್ ಇರಬೇಕು. ಹೊಸ ಯೂನಿಟ್ ಹಾಕಿದ್ದು, ಬಿರುಕು ಬಿಟ್ಟ ಕವಚ ಮಾತ್ರ ಬದಲಾಯಿಸಿದ್ದು, ಬಿರುಕಿಗೆ ವೆಲ್ಡಿಂಗ್ ಮಾಡಿಸಿದ್ದು, ಈ ಮೂರನ್ನೂ ಮಾರುವವರು "ಚೇಂಜ್ ಮಾಡ್ಸಿದೀವಿ" ಅಂತಲೇ ಹೇಳುತ್ತಾರೆ. ಮೊದಲನೆಯದಕ್ಕೆ ಪೂರ್ತಿ ಬೆಲೆ ಕೊಡಬಹುದು. ಎರಡನೆಯದು ಅಚ್ಚುಕಟ್ಟಾಗಿ ಮಾಡಿದ್ದರೆ ಪರವಾಗಿಲ್ಲ. ವೆಲ್ಡಿಂಗ್ ಆಗಿದ್ದರೆ ಆ ಜಾಗ ಮತ್ತೆ ಬಿಡುತ್ತದೆ ಅಂತಲೇ ಲೆಕ್ಕ ಹಾಕಿ. ಮಾರುವವರ ಒಪ್ಪಿಗೆ ಪಡೆದು ಚಾಸಿ ನಂಬರ್ ಮೇಲೆ ಅಧಿಕೃತ ವರ್ಕ್‌ಶಾಪ್‌ನಿಂದ ಸರ್ವಿಸ್ ದಾಖಲೆ ತೆಗೆಸಿ.

ಉತ್ತರ: ವಾಹನ ವಿಮಾ ಸರ್ವೇಯರ್

ಇನ್ಶೂರೆನ್ಸ್ ಪ್ರಶ್ನೆಗೆ ನಾನು ಹೇಳುತ್ತೇನೆ. ಬರುವುದಿಲ್ಲ ಸರ್. ಪಾಲಿಸಿ ಇರುವುದು ಅಪಘಾತ, ಕಳವು, ಬೆಂಕಿ, ನೆರೆಯಂಥವುಗಳಿಗೆ. ತಾನಾಗಿ ಸವೆದದ್ದಕ್ಕೆ, ಯಾಂತ್ರಿಕವಾಗಿ ಕೆಟ್ಟಿದ್ದಕ್ಕೆ ಪೈಸೆ ಬರುವುದಿಲ್ಲ. ಇಷ್ಟು ಹಳೆಯ ಗಾಡಿಗೆ ಝೀರೊ ಡೆಪ್ (ಸವಕಳಿ ಕಳೆಯದೆ ಭಾಗಗಳ ಪೂರ್ತಿ ಬೆಲೆ ಕೊಡುವ ರಕ್ಷಣೆ) ಸಿಗುವುದೂ ಕಷ್ಟ. ಅದಿಲ್ಲದಿದ್ದರೆ ಅಪಘಾತದಲ್ಲಿ ಒಡೆದ ಪ್ಲಾಸ್ಟಿಕ್, ರಬ್ಬರ್ ಭಾಗಗಳ ಅರ್ಧ ಬೆಲೆ ನಿಮ್ಮದೇ. ಈ ಗಾಡಿಯ ಮುಂದಿನ ಬಂಪರ್, ಲೈಟುಗಳ ಬೆಲೆ ಒಮ್ಮೆ ವಿಚಾರಿಸಿ ನೋಡಿ.

ನನ್ನ ಕಡೆಯಿಂದ ಮುಖ್ಯ ಮಾತು ನೀರಿನದ್ದು. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆ ಕಡೆ ಬೇಸ್‌ಮೆಂಟ್‌ನಲ್ಲಿ ಮುಳುಗಿದ ದುಬಾರಿ ಗಾಡಿಗಳು ಬಹಳ. ಮುಳುಗಿದ ಗಾಡಿ ತೊಳೆದು ಪಾಲಿಶ್ ಮಾಡಿದರೆ ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ, ಕೊನೆಯ ಒಂದಡಿಯಲ್ಲಿ ಮಣ್ಣಿನ ಗೆರೆ ಇದೆಯಾ ನೋಡಿ. ಸ್ಟೆಪ್ನಿ ಎತ್ತಿ ಅದರ ಗುಳಿಯ ಮೂಲೆಗಳಲ್ಲಿ ಕೈಯಾಡಿಸಿ. ಸೀಟಿನ ಹಳಿಗಳ ಬೋಲ್ಟ್ ತುಕ್ಕು ಹಿಡಿದಿದೆಯಾ, ಸೀಟಿನಡಿಯ ಕನೆಕ್ಟರ್‌ಗಳಲ್ಲಿ ಹಸಿರು ಕಟ್ಟಿದೆಯಾ ನೋಡಿ. ಆದರೆ ಸನ್‌ರೂಫ್ ಇದ್ದರೆ ಒಂದು ಎಚ್ಚರ: ಅದರ ನೀರು ಹೋಗುವ ಕೊಳವೆ ಕಸ ಕಟ್ಟಿಕೊಂಡರೂ ಕಾಲಡಿಯ ಕಾರ್ಪೆಟ್ ಒದ್ದೆಯಾಗುತ್ತದೆ. ಬರೀ ಕಾರ್ಪೆಟ್ ತೇವ ನೋಡಿ ನೆರೆಯ ಗಾಡಿ ಅನ್ನಬೇಡಿ, ಮಣ್ಣು ಸಿಕ್ಕಿತಾ ಎಂಬುದೇ ಸಾಕ್ಷಿ.

ಈಗಿನ ಪಾಲಿಸಿಯಲ್ಲಿ ಎನ್‌ಸಿಬಿ (ಕ್ಲೇಮ್ ಮಾಡದವರಿಗೆ ಸಿಗುವ ಪ್ರೀಮಿಯಂ ರಿಯಾಯಿತಿ) ಎಷ್ಟಿದೆ ಕೇಳಿ. 50% ಇದ್ದರೆ ಕನಿಷ್ಠ ಐದು ವರ್ಷ ಸತತವಾಗಿ ಕ್ಲೇಮ್ ಇಲ್ಲ. ಸೊನ್ನೆ ಇದ್ದರೆ ಹೋದ ವರ್ಷ ಏನಾಯಿತು ಅಂತ ವಿವರ ಕೇಳಿ. ಒಂದು ವಿಷಯ ನೆನಪಿರಲಿ, ಎನ್‌ಸಿಬಿ ಗಾಡಿಯದ್ದಲ್ಲ, ಓನರ್‌ದು. ಅವರು ಎರಡನೇ ಓನರ್ ಆದ್ದರಿಂದ ಅದು ಅವರ ಹಿಂದಿನ ಗಾಡಿಯಿಂದಲೂ ಬಂದಿರಬಹುದು, ನಿಮಗಂತೂ ವರ್ಗ ಆಗುವುದಿಲ್ಲ.

ಮಾಲೀಕತ್ವ ವರ್ಗಾವಣೆಯ ಫಾರ್ಮ್ 29, 30 ಸಹಿ ಹಾಕಿಸಿ, ಸಾಲ ಇದ್ದರೆ ಅದು ತೀರಿದೆ ಎನ್ನುವ ಫಾರ್ಮ್ 35 ಮತ್ತು ಬ್ಯಾಂಕಿನ ಎನ್‌ಒಸಿ. ಬಾಕಿ ಟ್ರಾಫಿಕ್ ದಂಡ ಎಷ್ಟಿದೆ ನೋಡಿಕೊಂಡು ಹಣ ಕೊಡಿ. ಪಾಲಿಸಿಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.

ಗುಂಪಿನ ಇನ್ನೊಬ್ಬರು

ಆಕ್ಟೇವಿಯಾನೇ ಬೇಕು, ಡಿಕ್ಯೂ200 ಬೇಡ ಅಂದರೆ ದಾರಿ ಏನು ಸರ್?

ಗೇರ್‌ಬಾಕ್ಸ್ ತಂತ್ರಜ್ಞ

1.4 ಟಿಎಸ್‌ಐ ಮ್ಯಾನ್ಯುಯಲ್. ಅದೇ ಸೊಬಗು, ಅದೇ 590 ಲೀಟರ್ ಡಿಕ್ಕಿ, ಟಾರ್ಕ್ ಕೂಡ ಅದೇ 250. ಡೀಸೆಲ್ ಆಟೊಮ್ಯಾಟಿಕ್ ಆದರೆ ಡಿಕ್ಯೂ250ಕ್ಕೆ 60,000 ಕಿ.ಮೀ.ಗೊಮ್ಮೆ ಎಣ್ಣೆ, ಫಿಲ್ಟರ್ ಬದಲಾದ ಬಿಲ್ ಕೇಳಿ. ಸುಮಾರು 5.2 ಲೀಟರ್ ಹಿಡಿಯುತ್ತದೆ, ಎಣ್ಣೆ 35ರಿಂದ 45 ಡಿಗ್ರಿ ಇರುವಾಗಲೇ ಮಟ್ಟ ನೋಡಬೇಕು. ಆ ಬಿಲ್ ಇಲ್ಲದ ಡೀಸೆಲ್‌ಗಿಂತ ಚೆನ್ನಾಗಿ ನೋಡಿಕೊಂಡ 1.8 ಮೇಲು. ಡೀಸೆಲ್‌ನ ಟೈಮಿಂಗ್ ಬೆಲ್ಟ್, ವಾಟರ್ ಪಂಪ್ ಒಟ್ಟಿಗೆ ಬದಲಾಗಿವೆಯಾ ಅಂತಲೂ ಕೇಳಿ.

ಕೇಳಿದವರು (ನಾಲ್ಕು ದಿನದ ನಂತರ)

ಸ್ಕ್ಯಾನರ್ ಇರುವವರನ್ನು ಕರೆದುಕೊಂಡು ಹೋಗಿದ್ದೆ. ಗೇರ್‌ಬಾಕ್ಸ್‌ನಲ್ಲಿ ಕೋಡ್ ಇಲ್ಲ, ಆದರೆ ರೆಡಿನೆಸ್ ಪೂರ್ತಿಯಾಗಿಲ್ಲ. ಪಂಪ್ ಸದ್ದು ಬೇಗ ನಿಂತಿತು, ಮತ್ತೆ ಬರಲಿಲ್ಲ. ಮುಂದಕ್ಕೆ ಎಳೆಯುವಾಗ ನಯವಾಗಿದೆ, ರ‍್ಯಾಂಪ್‌ನಲ್ಲಿ ರಿವರ್ಸ್ ಹತ್ತಿಸುವಾಗ ಎರಡು ಸಲವೂ ನಡುಗಿತು. ಕೂಲೆಂಟ್ ಮಿನ್ ಗೆರೆಗಿಂತ ಕೆಳಗಿದೆ, ನೀವು ಹೇಳಿದ ಗುಲಾಬಿ ಕಲೆಯೂ ಇದೆ. ಮಣ್ಣಿನ ಗುರುತು ಎಲ್ಲೂ ಇಲ್ಲ. ಮೆಕಾಟ್ರಾನಿಕ್ ಬಿಲ್ "ಹುಡುಕಿ ಕೊಡ್ತೀನಿ" ಅಂದಿದ್ದಾರೆ.

ಗೇರ್‌ಬಾಕ್ಸ್ ತಂತ್ರಜ್ಞ

ಚೆನ್ನಾಗಿ ನೋಡಿದ್ದೀರಿ. ಎರಡನೇ ಕ್ಲಚ್ ಸವೆದಿದೆ, ವಾಟರ್ ಪಂಪ್ ಕವಚ ಸೋರುತ್ತಿದೆ, ಯಾರೋ ಇತ್ತೀಚೆಗೆ ಕೋಡ್ ಅಳಿಸಿರುವ ಸಾಧ್ಯತೆ ಹೆಚ್ಚು. ಬಿಲ್ ಕೈಗೆ ಬರುವವರೆಗೆ ಮೆಕಾಟ್ರಾನಿಕ್ ಹಳೆಯದೇ ಅಂತ ತಿಳಿಯಿರಿ.

ಲೆಕ್ಕ ಹೀಗೆ ಹಾಕಿ. ನಿಮ್ಮ 10 ಲಕ್ಷದಲ್ಲಿ 2 ಲಕ್ಷ ಈ ಗೇರ್‌ಬಾಕ್ಸ್ ಹೆಸರಲ್ಲಿ ಬ್ಯಾಂಕಿನಲ್ಲೇ ಇರಲಿ, ಎರಡು ವರ್ಷ ಅದನ್ನು ಮುಟ್ಟಬೇಡಿ. ಉಳಿದ 8ರಲ್ಲಿ ಕ್ಲಚ್ ಪ್ಯಾಕ್, ವಾಟರ್ ಪಂಪ್ ಎರಡಕ್ಕೂ ಲಿಖಿತ ಕೊಟೇಶನ್ ತೆಗೆಸಿ ಕಳೆಯಿರಿ. ಇನ್ಶೂರೆನ್ಸ್, ಟ್ರಾನ್ಸ್‌ಫರ್, ಟೈರ್ ಬೇಕಿದ್ದರೆ ಅದನ್ನೂ ಕಳೆಯಿರಿ. ಉಳಿದದ್ದು ನಿಮ್ಮ ಆಫರ್. 8.9ಕ್ಕೆ ಖಂಡಿತ ಬೇಡ. ಅವರು ಒಪ್ಪುವುದಿಲ್ಲ ಅಂತ ನನ್ನ ಅಂದಾಜು, ಒಪ್ಪದಿದ್ದರೆ ಎದ್ದು ಬನ್ನಿ.

ಒಪ್ಪಿದರೆ ಓಡಿಸುವ ರೀತಿ ಬದಲಾಗಬೇಕು. ಟ್ರಾಫಿಕ್‌ನಲ್ಲಿ ಮುಂದಿನ ಗಾಡಿಯ ಬಾಲಕ್ಕೆ ಅಂಟಿ ತೆವಳಬೇಡಿ. ಎರಡು ಗಾಡಿಯಷ್ಟು ಜಾಗ ಆಗುವವರೆಗೆ ಬ್ರೇಕ್ ಒತ್ತಿ ನಿಲ್ಲಿ, ಆಗ ಕ್ಲಚ್ ಪೂರ್ತಿ ಬಿಟ್ಟಿರುತ್ತದೆ. ಆಮೇಲೆ ಒಂದೇ ಸಲ ಹೋಗಿ. ಏರಿನಲ್ಲಿ ಆಕ್ಸಿಲರೇಟರ್‌ನಿಂದ ಗಾಡಿ ಹಿಡಿದು ನಿಲ್ಲಿಸಬೇಡಿ. ನಿಧಾನ ಸಾಲಿನಲ್ಲಿ 1 ಮತ್ತು 2ರ ನಡುವೆ ಅದು ತೂಗಾಡುತ್ತಿದ್ದರೆ ಮ್ಯಾನ್ಯುಯಲ್ ಮೋಡ್‌ಗೆ ಹಾಕಿ 1ರಲ್ಲೇ ಇಡಿ. ವಾರಕ್ಕೆ ಮೂರು ದಿನ ವೈಟ್‌ಫೀಲ್ಡ್ ದಾರಿಯಲ್ಲಿ ಇಷ್ಟು ಮಾಡಲು ತಾಳ್ಮೆ ಇದೆಯಾ ಅಂತ ನೀವೇ ನಿರ್ಧರಿಸಬೇಕು. ನಿಮ್ಮ ಶಿವಮೊಗ್ಗ ದಾರಿ ಈ ಗೇರ್‌ಬಾಕ್ಸ್‌ಗೆ ಏನೂ ಮಾಡುವುದಿಲ್ಲ, ಅಲ್ಲಿ ಅದು ಚಿನ್ನ.

ಕೇಳಿದವರು

8.5ಕ್ಕಿಂತ ಕೆಳಗೆ ಇಳಿಯಲ್ಲ ಅಂದರು, ಬಿಲ್ಲೂ ಬರಲಿಲ್ಲ. ಬಿಟ್ಟೆ ಸರ್. ಬೇಸರವೇನೋ ಇದೆ. ತುಮಕೂರಿನಲ್ಲಿ 1.4 ಮ್ಯಾನ್ಯುಯಲ್ ಒಂದಿದೆಯಂತೆ, ಭಾನುವಾರ ಹೋಗುತ್ತಿದ್ದೇನೆ. ಅದರಲ್ಲಿ ಬೇರೆ ಏನು ನೋಡಲಿ?

ಗೇರ್‌ಬಾಕ್ಸ್ ತಂತ್ರಜ್ಞ

ಆ ಎಂಜಿನ್‌ಗೆ ಚೈನ್ ಇಲ್ಲ, ಟೈಮಿಂಗ್ ಬೆಲ್ಟ್. ಗೇರ್‌ಬಾಕ್ಸ್ ಪಕ್ಕದಲ್ಲಿ ವಾಟರ್ ಪಂಪ್ ತಿರುಗಿಸಲು ಇನ್ನೊಂದು ಸಣ್ಣ ಬೆಲ್ಟ್ ಇದೆ, ಆ ಮೂಲೆಯಲ್ಲಿ ಕೂಲೆಂಟ್ ಕಲೆ ಹುಡುಕಿ. ಮೂರನೇ ಗೇರಿನಲ್ಲಿ ಕಡಿಮೆ ವೇಗದಿಂದ ಪೂರ್ತಿ ಆಕ್ಸಿಲರೇಟರ್ ಒತ್ತಿ. ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಎಂಜಿನ್ ಆಫ್ ಮಾಡುವಾಗ ಕಟಕಟ ಸದ್ದು ಬಂದರೆ ಫ್ಲೈವೀಲ್ ಸವೆದಿದೆ, ಕ್ಲಚ್ ಜೊತೆ ಅದನ್ನೂ ಬದಲಾಯಿಸಬೇಕಾಗುತ್ತದೆ, ಅದರ ಬೆಲೆ ಮೊದಲೇ ಕೇಳಿಟ್ಟುಕೊಳ್ಳಿ. ಟೈರ್ 205/55 ಆರ್16, ಪಕ್ಕೆಯಲ್ಲಿ ಉಬ್ಬು ಇದೆಯಾ ಒಳಮುಖವನ್ನೂ ನೋಡಿ. ಸ್ಕ್ಯಾನ್ ವರದಿ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.